ಮೂಲೆ ಇಲ್ಲದ ಕಾರ್ಡು

ನಾನು ಎಷ್ಟೋ ಸಲ ಹೇಳಿರುವ ಒಂದು ಕಥೆಯಲ್ಲಿ ಹುರುಳಿಕಾಳಿನ ಸಾರಿನ ವಾಸನೆ ಬರುತ್ತದೆ. ಅದು ಅಲ್ಲಿ ಬರಬಾರದು. ಸಾವಿನ ಸುದ್ದಿ ಬಂದಿದೆ ಎಂದು ಇಡೀ ಬೀದಿ ನಂಬಿಕೊಂಡಿದ್ದ ಮನೆಯಲ್ಲಿ ಒಲೆ ಹಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಆ ಮಧ್ಯಾಹ್ನವನ್ನು ನೆನೆದಾಗಲೆಲ್ಲ ಮೊದಲು ಬರುವುದು ಆ ವಾಸನೆ, ಆಮೇಲೆ ಉಳಿದದ್ದು. ಇಡೀ ಆಯುಷ್ಯ ಕಾಲೇಜಿನಲ್ಲಿ ಪಾಠ ಹೇಳಿದವನು ನಾನು. ವಿದ್ಯಾರ್ಥಿಗಳು ಬರೆದದ್ದರಲ್ಲಿ ಒಂದು ಸಾಲು ಇನ್ನೊಂದಕ್ಕೆ ಒಪ್ಪದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದೆ. ನನ್ನದೇ ಕಥೆಗೆ ಗೀಟು ಎಳೆಯಲು ಇಷ್ಟು ವರ್ಷ ಬೇಕಾಯಿತು.

ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆ ನೇಯ್ಗೆಯವರ ಬೀದಿಯಲ್ಲಿತ್ತು. ಮುಂದಿನ ಪಡಸಾಲೆಯಲ್ಲಿ ಎರಡು ಮಗ್ಗ. ನಾನು ಚಿಕ್ಕವನಿದ್ದಾಗ ಕೈಮಗ್ಗ, ಅರವತ್ತರ ದಶಕದ ನಡುವೆ ಎಲ್ಲೋ ಕರೆಂಟಿನವು ಬಂದವು. ಆ ಬೀದಿಯಲ್ಲಿ ಬೆಳೆದವರಿಗೆ ಮಗ್ಗದ ಸದ್ದು ಕಿವಿಗೇ ಬೀಳುವುದಿಲ್ಲ. ಅದು ನಿಂತರೆ ಮಾತ್ರ ತಲೆ ಎತ್ತುತ್ತಾರೆ. ಬೀದಿಗೆ ಬೀದಿಯೇ ನಿಲ್ಲುವುದಕ್ಕೆ ಎರಡೇ ಕಾರಣ. ಕರೆಂಟು ಹೋಗಬೇಕು, ಇಲ್ಲವೇ ಯಾರಾದರೂ ಸಾಯಬೇಕು. ಸಾವಾದರೆ ಆ ಮನೆಯ ಮಗ್ಗ ಮೊದಲು ನಿಲ್ಲುತ್ತಿತ್ತು. ಪಕ್ಕದ ಮನೆಯವರು ಅದನ್ನು ಕೇಳಿಸಿಕೊಂಡು ತಮ್ಮದನ್ನು ನಿಲ್ಲಿಸುತ್ತಿದ್ದರು. ಹಾಗೇ ಮನೆಯಿಂದ ಮನೆಗೆ, ಬೀದಿಯ ಕೊನೆಯವರೆಗೆ. ಯಾರೂ ಹೋಗಿ ಹೇಳಬೇಕಾಗಿರಲಿಲ್ಲ.

ಆ ಬೀದಿಗೆ ಟಪಾಲು ತರುತ್ತಿದ್ದವರು ಒಬ್ಬರೇ, ನನಗೆ ತಿಳಿವಳಿಕೆ ಬಂದಾಗಿನಿಂದ. ತೆಳ್ಳಗಿನ ಮನುಷ್ಯ, ಸೈಕಲ್ಲಿನಿಂದ ಇಳಿಯುವುದೆಂದರೆ ಬೇಸರ. ಜಗುಲಿಯ ಮೇಲೆ ಕಾಗದ ಎಸೆದು ಗಂಟೆ ಬಾರಿಸಿ ಮುಂದೆ ಹೋಗುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಸ್ಟಾಂಪು ಕೂಡಿಸುವ ಹುಚ್ಚು ಹತ್ತಿತ್ತು. ರೇಷ್ಮೆ ವ್ಯಾಪಾರಿಗಳಿಗೆ ಹೊರದೇಶದಿಂದ ಬರುತ್ತಿದ್ದ ಲಕೋಟೆಗಳ ಸ್ಟಾಂಪನ್ನು ಅವರನ್ನು ಕೇಳಿ ಕತ್ತರಿಸಿಕೊಂಡು, ಬೆಂಕಿಪೊಟ್ಟಣದಲ್ಲಿಟ್ಟು ನನಗೆ ತಂದುಕೊಡುತ್ತಿದ್ದರು. ಕಾಲೇಜು ಸೇರಿದ ಮೇಲೆ ಹುಚ್ಚು ಬಿಟ್ಟಿತು. ಬಿಟ್ಟಿದೆ ಎಂದು ಅವರಿಗೆ ಹೇಳಲಿಲ್ಲ.

ಅಣ್ಣ ದೊಡ್ಡಬೆಳವಂಗಲದ ಕಡೆ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ತುರ್ತುಪರಿಸ್ಥಿತಿ ಬಂದ ವರ್ಷ, ಪತ್ರಿಕೆಗಳಲ್ಲಿ ಬರದ ಸುದ್ದಿಯನ್ನು ಒಂದು ಹಾಳೆಯಲ್ಲಿ ಬರೆದು, ಸೈಕ್ಲೋಸ್ಟೈಲ್ ಮಾಡಿಸಿ, ಸಂತೆಯ ದಿನ ನಿಂತುಕೊಂಡು ಹಂಚಿದ. ಹಾಳೆಯಲ್ಲಿ ಇದ್ದದ್ದು ಇಷ್ಟೇ: ವಿಚಾರಣೆಯಿಲ್ಲದೆ ಜನರನ್ನು ಜೈಲಿಗೆ ಹಾಕುತ್ತಿದ್ದಾರೆ, ಯಾಕೆ ಹಾಕಿದಿರಿ ಎಂದು ಅವರ ಮನೆಯವರು ಕೋರ್ಟಿನಲ್ಲಿ ಕೇಳುವ ಹಾಗಿಲ್ಲ. ಸ್ವಲ್ಪ ದಿನದಲ್ಲೇ ಅದು ಬರೆದವನಿಗೇ ನಿಜವಾಯಿತು. ತರಗತಿಯಲ್ಲಿ ನಕಾಶೆ ತೂಗುಹಾಕಿ ಪಾಠ ಮಾಡುತ್ತಿದ್ದಾಗ ಬಂದು ಕರೆದುಕೊಂಡು ಹೋದರು. ನಕಾಶೆ ಸುತ್ತಿ ಬೀರುವಿನಲ್ಲಿಟ್ಟು ಬರುತ್ತೇನೆ ಎಂದನಂತೆ. ಅಷ್ಟಕ್ಕೆ ಬಿಟ್ಟರಂತೆ.

ಮೊದಲು ಬೆಂಗಳೂರಿನಲ್ಲೇ ಇಟ್ಟಿದ್ದರು. ಹದಿನೈದು ದಿನಕ್ಕೊಮ್ಮೆ ನೋಡಬಹುದಿತ್ತು. ಅವನ ಕಾಗದಗಳೂ ಬರುತ್ತಿದ್ದವು, ಅಲ್ಲಲ್ಲಿ ಸಾಲುಗಳ ಮೇಲೆ ಕಪ್ಪು ಮಸಿ ಎಳೆದುಕೊಂಡು. ಮಸಿಯ ಕೆಳಗೆ ಏನಿರಬಹುದು ಎಂದು ಅಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೇಸಿಗೆ ಹೊತ್ತಿಗೆ ಅವನನ್ನು ಉತ್ತರಕ್ಕೆ, ದೂರದ ಒಂದು ಜೈಲಿಗೆ ಕಳಿಸಿದರು ಎಂದು ಗೊತ್ತಾಯಿತು. ಯಾವ ಊರು ಎಂದು ಹೇಳಲಿಲ್ಲ. ಅಲ್ಲಿಗೆ ಕಾಗದಗಳು ನಿಂತವು. ಅಪ್ಪ ಬೇರೆ ಬೇರೆ ಕಚೇರಿಗಳಿಗೆ ನಾಲ್ಕು ಅರ್ಜಿ ಹಾಕಿದರು. ಒಂದಕ್ಕೂ ಉತ್ತರವಿಲ್ಲ. ಅಣ್ಣ ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ, ಯಾರನ್ನು ಕೇಳಬೇಕು ಎಂಬುದೇ ತಿಳಿಯದೆ ಎರಡು ತಿಂಗಳು ಕಳೆದವು. ಅವನ ಮದುವೆಯಾಗಿ ಆಗ ಎರಡು ವರ್ಷ. ಅತ್ತಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಿದ್ದರು, ಮಾತು ಕಡಿಮೆ.

ಆ ದಿನಗಳಲ್ಲಿ ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಅಧ್ಯಾಪಕ. ಬಂದಿಗಳ ಪರವಾಗಿ ಓಡಾಡುತ್ತಿದ್ದ ವಕೀಲರೊಬ್ಬರನ್ನು ನೋಡಲು ಹೋಗಿದ್ದೆ. ಅವರು ಒಂದು ಹಾಳೆ ಕೊಟ್ಟು ಅಣ್ಣನ ಹೆಸರು, ವಯಸ್ಸು, ಕೆಲಸ, ಹಿಡಿದ ದಿನ, ಮನೆಯ ವಿಳಾಸ ಎಲ್ಲ ಬರೆಸಿಕೊಂಡರು.

"ಇದು ಎಲ್ಲಿಗೆ ಹೋಗುತ್ತೆ ಸರ್?" ಎಂದೆ.

"ಹೊರದೇಶಕ್ಕೆ. ಅಲ್ಲಿ ಜನ ಇಂಥವರ ಪರವಾಗಿ ಕಾಗದ ಬರೀತಾರೆ."

"ಯಾರಿಗೆ ಬರೀತಾರೆ?"

"ಮಂತ್ರಿಗಳಿಗೆ, ಜೈಲಿನವರಿಗೆ. ಎಲ್ಲರಿಗೂ."

"ಬರೆದ್ರೆ ಬಿಡ್ತಾರಾ?"

ವಕೀಲರು ನಕ್ಕರು. "ಗೊತ್ತಿಲ್ಲ ಕಣಯ್ಯ. ನಾವು ಕೋರ್ಟಿಗೆ ಬರೆದ್ರೂ ಬಿಡ್ತಿಲ್ಲವಲ್ಲ."

ನಾನು ನಂಬಲಿಲ್ಲ. ಆಗಷ್ಟೇ ಎಂ.ಎ. ಮುಗಿಸಿದ್ದವನಿಗೆ ಏನನ್ನೂ ನಂಬದಿರುವುದೇ ಒಂದು ಕೆಲಸವಾಗಿತ್ತು. ಮನೆಯಲ್ಲಿ ಆ ಹಾಳೆಯ ವಿಷಯ ಹೇಳಲೂ ಇಲ್ಲ.

ಇನ್ನು ನಾನು ಹೇಳುತ್ತಾ ಬಂದ ಕಥೆ. ಅದು ಹೀಗಿತ್ತು.

ಶನಿವಾರ ಅರ್ಧ ದಿನದ ಕಾಲೇಜು ಮುಗಿಸಿ ಬಸ್ಸಿನಲ್ಲಿ ಊರಿಗೆ ಬಂದೆ. ಬೀದಿಯ ತಿರುವಿಗೆ ಬಂದಾಗ ಒಂದೇ ಒಂದು ಮಗ್ಗದ ಸದ್ದಿರಲಿಲ್ಲ. ಕರೆಂಟು ಹೋಗಿರಬೇಕು ಎಂದುಕೊಂಡೆ. ಆಗ ಎಡಗಡೆಯ ಕಾಫಿ ಹೋಟೆಲಿನೊಳಗೆ ಕಣ್ಣು ಹೋಯಿತು. ಗಲ್ಲಾದ ಮೇಲಿನ ಫ್ಯಾನು ತಿರುಗುತ್ತಿತ್ತು. ಹೋಟೆಲಿನವರು ನನ್ನನ್ನು ನೋಡಿ ಎದ್ದು ನಿಂತರು. ಅಲ್ಲಿಂದ ಮನೆಯವರೆಗೆ ಹೇಗೆ ಹೋದೆ ಎಂಬುದು ನನಗೆ ನೆನಪಿಲ್ಲ. ಓಡಿದೆ ಎಂದು ಹೇಳಿಕೊಂಡು ಬಂದಿದ್ದೇನೆ.

ಮನೆಯ ಮುಂದೆ ಜನ ಕೂತಿದ್ದರು. ಅಮ್ಮ ತಲೆಯ ಮೇಲೆ ನೀರು ಹುಯ್ದುಕೊಂಡು, ಒದ್ದೆ ಸೀರೆಯಲ್ಲೇ ಬಾಗಿಲ ಪಕ್ಕದ ಗೋಡೆಗೆ ಒರಗಿದ್ದರು. ಅಪ್ಪ ನಿಂತ ಮಗ್ಗದ ಮುಂದೆ ಲಾಳಿ ಕೈಯಲ್ಲಿ ಹಿಡಿದು ಕೂತಿದ್ದರು. ಜಗುಲಿಯ ಮೇಲೆ, ಗಾಳಿಗೆ ಹಾರದಂತೆ ಒಂದು ಕಲ್ಲು ಹೇರಿ, ಒಂದು ಕಾರ್ಡು ಇಟ್ಟಿದ್ದರು. ಅದರ ಬಲಗಡೆಯ ಮೇಲಿನ ಮೂಲೆ ಇರಲಿಲ್ಲ.

ಸಾವಿನ ಸುದ್ದಿ ಬರೆಯುವ ಕಾರ್ಡಿನ ಮೂಲೆ ಹರಿದು ಕಳಿಸುವುದು ನಮ್ಮ ಕಡೆಯ ವಾಡಿಕೆ. ಅಂಥ ಕಾರ್ಡನ್ನು ಹೊಸಿಲು ದಾಟಿಸುವುದಿಲ್ಲ. ಹೊರಗೇ ಓದಿ, ಹರಿದು ಹಾಕಿ, ಸ್ನಾನ ಮಾಡಿ ಒಳಗೆ ಬರುತ್ತಾರೆ. ಓದು ಬಾರದವರಿಗೂ ಮೂಲೆ ನೋಡಿದರೆ ಸಾಕು. ಈ ಕಾರ್ಡಿನಲ್ಲಿದ್ದದ್ದು ಇಂಗ್ಲಿಷು. ವಿಳಾಸದಲ್ಲಿ ಅಣ್ಣನ ಹೆಸರು, ಆ ಹೆಸರಿನ ಮುಂದೆ ಅತ್ತಿಗೆಯನ್ನು ಅವನ ಹೆಂಡತಿ ಎಂದು ಕರೆಯುವ 'ಮಿಸೆಸ್' ಎಂಬ ಇಂಗ್ಲಿಷ್ ಅಕ್ಷರ. ಎಲ್ಲಿದ್ದಾನೆಂದು ಗೊತ್ತಿಲ್ಲದ ಮಗ, ಸರ್ಕಾರದ ಭಾಷೆ, ಇಲ್ಲದ ಮೂಲೆ. ಅಮ್ಮನಿಗೆ ಇನ್ನೇನು ಬೇಕಿತ್ತು?

"ಅಲ್ಲೇ ನಿಂತ್ಕೊಂಡು ಓದು ಕಣೋ," ಎಂದರು ಅಮ್ಮ. "ಒಳಗೆ ತರಬೇಡ."

ಕಲ್ಲು ಎತ್ತಿಟ್ಟು ಕಾರ್ಡು ತೆಗೆದುಕೊಂಡೆ. ಹಿಂಬದಿಯಲ್ಲಿ ಬಣ್ಣದ ಚಿತ್ರ, ನೀರಿನ ಕಾಲುವೆ ಮತ್ತು ಅದರ ಮೇಲೊಂದು ಸೇತುವೆ. ಅಣ್ಣ ಮಾತ್ರ ಅದು ಗಾಳಿಗಿರಣಿ ಎನ್ನುತ್ತಿದ್ದ. ನೀಲಿ ಶಾಯಿಯಲ್ಲಿ ಇರುವೆ ಸಾಲಿನಂಥ ಬರಹ. ಮನಸ್ಸಿನಲ್ಲೇ ಒಮ್ಮೆ ಓದಿ, ಆಮೇಲೆ ಕನ್ನಡ ಮಾಡಿ ಜೋರಾಗಿ ಹೇಳಿದೆ. ಹಾಲೆಂಡಿನ ಒಂದು ಸಣ್ಣ ಊರಿನ ಹೆಂಗಸು ಬರೆದದ್ದು. ನಾವು ಯಾರೆಂದು ನಿಮಗೆ ಗೊತ್ತಿಲ್ಲ, ನಮ್ಮೂರಿನಲ್ಲಿ ಏಳು ಜನ ಸೇರಿ ನಿಮ್ಮ ಗಂಡನ ಬಿಡುಗಡೆಗೆ ಕಾಗದ ಬರೆಯುತ್ತಿದ್ದೇವೆ, ಜೈಲಿನ ಅಧಿಕಾರಿಯೊಬ್ಬರಿಂದ ಎರಡು ಸಾಲಿನ ಉತ್ತರ ಬಂದಿದೆ, ನಿಮ್ಮ ಗಂಡ ಅಲ್ಲಿ ಆರೋಗ್ಯವಾಗಿದ್ದಾರಂತೆ, ಈ ವಿಷಯ ನಿಮಗೆ ಆಗಲೇ ಗೊತ್ತಿರಬಹುದು. ಕೊನೆಗೆ ಜೈಲಿರುವ ಊರಿನ ಹೆಸರು.

ಅಪ್ಪನ ನಾಲ್ಕು ಅರ್ಜಿಗೆ ಬಾರದ ಉತ್ತರ, ನಮ್ಮ ಊರು ನಕಾಶೆಯಲ್ಲಿ ಎಲ್ಲಿದೆ ಎಂದೇ ತಿಳಿಯದ ಒಬ್ಬ ಹೆಂಗಸಿಗೆ ಬಂದಿತ್ತು.

"ಇದಾನಾ?" ಎಂದರು ಅಪ್ಪ.

"ಇದಾನೆ ಅಪ್ಪ. ಚೆನ್ನಾಗಿದಾನಂತೆ."

ಅಪ್ಪ ಲಾಳಿಯನ್ನು ಅದರ ಜಾಗದಲ್ಲಿಟ್ಟು, ಎದ್ದು ಸ್ವಿಚ್ಚು ಹಾಕಿದರು. ನಮ್ಮ ಮಗ್ಗ ಹೊರಟಿತು. ಒಂದು ನಿಮಿಷವಾದ ಮೇಲೆ ಎದುರು ಮನೆಯದು, ಆಮೇಲೆ ಅದರ ಪಕ್ಕದ್ದು. ಕೊನೆಕೊನೆಗೆ ಯಾವ ಮನೆಯದು ಎಂದು ಗೊತ್ತಾಗದಷ್ಟು ಸದ್ದು ಬೀದಿಯನ್ನೆಲ್ಲ ತುಂಬಿತು. ಜನ ಎದ್ದು ಪಂಚೆ ಕೊಡವಿಕೊಂಡು ಮನೆಗೆ ಹೋದರು.

ಸಂಜೆ ಕಾರ್ಡನ್ನು ಇನ್ನೊಮ್ಮೆ ಬಿಡಿಸಿ ಹೇಳಬೇಕಾಯಿತು. ಅದರಲ್ಲಿ ಅವರು ಅಣ್ಣನನ್ನು ದತ್ತು ತೆಗೆದುಕೊಂಡಿದ್ದೇವೆ ಎಂದು ಬರೆದಿದ್ದರು. ಒಂದೊಂದು ಗುಂಪು ಒಬ್ಬೊಬ್ಬ ಬಂದಿಯನ್ನು ತನ್ನವನೆಂದು ವಹಿಸಿಕೊಳ್ಳುವುದಕ್ಕೆ ಅವರು ಹಾಗೆ ಹೇಳುತ್ತಾರೆ. ಅಮ್ಮನಿಗೆ ಅದು ಸರಿಬರಲಿಲ್ಲ.

"ಯಾರನ್ನ ಕೇಳಿ ದತ್ತು ತಗೊಂಡ್ರಂತೆ? ಹೆತ್ತೋಳು ಬದುಕಿದೀನಿ ನಾನು."

"ಸುಮ್ನೆ ಹೇಳೋ ಮಾತಮ್ಮ ಅದು."

"ಏಳು ಜನ ಸೇರ್ಕೊಂಡು ಒಬ್ಬನ್ನ? ಮದ್ವೆ ಆಗಿರೋನ್ನ?"

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಅತ್ತಿಗೆ ತಲೆ ಬಗ್ಗಿಸಿ ನಗುತ್ತಿದ್ದರು. ಅವರು ನಕ್ಕದ್ದನ್ನು ನೋಡಿ ಎಷ್ಟೋ ತಿಂಗಳಾಗಿತ್ತು.

ಉತ್ತರ ಬರೆಯಬೇಕೋ ಬೇಡವೋ ಎಂಬ ಮಾತು ಮರುದಿನವೆಲ್ಲ ನಡೆಯಿತು. ವಾರಕ್ಕೊಮ್ಮೆ ಒಬ್ಬ ಪೇದೆ ಬಂದು, ಮನೆಗೆ ಯಾರು ಯಾರು ಬಂದಿದ್ದರು ಎಂದು ಕೇಳಿ, ಮಜ್ಜಿಗೆ ಕುಡಿದು ಹೋಗುತ್ತಿದ್ದ ಕಾಲ. ಹೊರದೇಶದವರ ಜೊತೆ ಕಾಗದ ವ್ಯವಹಾರ ಇಟ್ಟುಕೊಂಡರೆ ಒಳಗಿರುವವನಿಗೆ ಇನ್ನೂ ತೊಂದರೆಯಾದೀತು ಎಂದು ಅಪ್ಪ ಹೆದರಿದರು. ನಾನೂ ಅದನ್ನೇ ಹೇಳಿದೆ, ಇನ್ನಷ್ಟು ದೊಡ್ಡ ಮಾತುಗಳಲ್ಲಿ. ತೀರ್ಮಾನ ಮಾಡಿದ್ದು ಅಮ್ಮ.

"ಮಗ ಇದಾನೆ ಅಂತ ಹೇಳಿ ಕಳಿಸಿರೋಳಿಗೆ ಒಂದು ಮಾತು ತಿರುಗಿ ಹೇಳ್ದೆ ಇರ್ತಾರೇನೋ? ಬರಿ. ಸರ್ಕಾರದ ಮಾತು ಬರೀಬೇಡ. ಮಿಕ್ಕಿದ್ದೆಲ್ಲ ಬರಿ."

ಹಾಗೆ ನನ್ನ ಜೀವನದ ಅತ್ಯಂತ ವಿಚಿತ್ರವಾದ ಇಂಗ್ಲಿಷ್ ಕಾಗದ ತಯಾರಾಯಿತು. ನಿಮಗೆ ಮಕ್ಕಳೆಷ್ಟು, ನಿಮ್ಮಲ್ಲಿ ಮಳೆ ಹೇಗೆ, ರಾಗಿ ಬೆಳೆಯುತ್ತೀರಾ, ರಾಗಿ ಇಲ್ಲದಿದ್ದರೆ ಏನು ತಿನ್ನುತ್ತೀರಿ, ಗಂಡಸರು ಕುಡಿಯುತ್ತಾರಾ. ಅಪ್ಪ, ನಮ್ಮ ಮಗ್ಗ ಚೆನ್ನಾಗಿ ನಡೆಯುತ್ತಿದೆ ಎಂದು ಬರೆಸಿದರು. ಅತ್ತಿಗೆ ಒಂದೇ ಸಾಲು ಹೇಳಿದರು: ನನ್ನ ಗಂಡನಿಗೆ ಕನ್ನಡಕ ಇಲ್ಲದೆ ಓದಲು ಆಗುವುದಿಲ್ಲ, ಕೊನೆಯ ಸಲ ನೋಡಿದಾಗ ಅದು ಒಡೆದಿತ್ತು, ಈಗ ಇದೆಯೋ ಇಲ್ಲವೋ ತಿಳಿಯದು.

ಮಡಿಸುವ ಮೊದಲು ಅಮ್ಮ ಕಾಗದ ಕಸಿದುಕೊಂಡು ನಾಲ್ಕು ಮೂಲೆಗೂ ಅರಿಶಿನ ಹಚ್ಚಿದರು.

"ಅಮ್ಮ, ಅವರಿಗೆ ಇದೆಲ್ಲ ಅರ್ಥ ಆಗಲ್ಲ."

"ಅವರ ಕಾರ್ಡಿಗೆ ಒಂದು ಮೂಲೆ ಇರ್ಲಿಲ್ಲ. ನಮ್ಮದಕ್ಕೆ ನಾಕೂ ಇರ್ಲಿ."

ಅರ್ಥವಾಗಲಿಲ್ಲ ಎನ್ನುವುದು ಒಂದೂವರೆ ತಿಂಗಳ ಮೇಲೆ ಗೊತ್ತಾಯಿತು. ಆಕೆಯ ಎರಡನೇ ಕಾಗದದಲ್ಲಿ ಮೂರು ಮಕ್ಕಳ ಹೆಸರು, ಆಲೂಗೆಡ್ಡೆಯ ಬೆಲೆ, ಗಂಡ ಭಾನುವಾರ ಮಾತ್ರ ಕುಡಿಯುತ್ತಾನೆ ಎಂಬ ವಿವರ ಎಲ್ಲ ಇತ್ತು. ಜೊತೆಗೆ ಗಂಭೀರವಾದ ಒಂದು ಪ್ಯಾರಾ. ನಿಮ್ಮ ಕಾಗದದ ನಾಲ್ಕೂ ಮೂಲೆಯಲ್ಲಿ ಹಳದಿ ಕಲೆ ಕಂಡೆವು, ಗುಪ್ತ ಬರಹ ಹುಡುಕಲು ಅಧಿಕಾರಿಗಳು ರಾಸಾಯನಿಕ ಹಚ್ಚಿದ್ದಾರೆ ಎಂದು ತಿಳಿದು, ಖಾಸಗಿ ಪತ್ರಗಳ ಮೇಲಿನ ಈ ಅತಿಕ್ರಮಣವನ್ನು ಖಂಡಿಸಿ ದಿಲ್ಲಿಗೆ ಏಳು ಪ್ರತ್ಯೇಕ ಕಾಗದ ಬರೆದಿದ್ದೇವೆ. ನಾನು ಓದಿ ಹೇಳುವಾಗ ಅಪ್ಪ ನಗು ತಡೆಯಲಾರದೆ ಮಗ್ಗ ನಿಲ್ಲಿಸಿದರು, ಎದುರು ಮನೆಯವರು ಗಾಬರಿಯಾಗಿ ಬಂದು ಇಣುಕಿದರು.

ಆ ಏಳು ಕಾಗದಗಳಲ್ಲಿ ಒಂದಾದರೂ ಸುತ್ತಿ ಸುತ್ತಿ ಜೈಲಿನವರೆಗೆ ಹೋಗಿರಬೇಕು. ಅಲ್ಲಿನ ಒಬ್ಬ ಅಧಿಕಾರಿ ಅಣ್ಣನನ್ನು ಕರೆಸಿ ಕೇಳಿದನಂತೆ.

"ಏನ್ ಮೇಷ್ಟ್ರೇ, ನಿಮ್ಮ ಮನೆ ಕಾಗದಕ್ಕೆ ನಾವು ಹಳದಿ ಔಷಧಿ ಹಚ್ತೀವಂತಲ್ಲ?"

"ನನಗೆ ಕಾಗದಾನೇ ಬಂದಿಲ್ಲವಲ್ಲ ಸಾರ್, ಹಳದಿ ಎಲ್ಲಿಂದ ನೋಡಲಿ?"

ಆತ ಕೈಯಲ್ಲಿದ್ದ ಕಾಗದ ಮೇಜಿನ ಮೇಲಿಟ್ಟು, "ಯಾರ್ರೀ ಇವರೆಲ್ಲ, ನಿಮ್ಮ ನೆಂಟರಾ?" ಎಂದನಂತೆ.

"ಹೌದು ಅಂದ್ಕೊಳ್ಳಿ," ಎಂದನಂತೆ ಅಣ್ಣ.

ಅದಾದ ಸ್ವಲ್ಪ ದಿನಕ್ಕೆ ಅವನಿಗೆ ಕನ್ನಡಕ ಸಿಕ್ಕಿತು. ತಿಂಗಳಿಗೊಂದು ಕಾಗದ ಬರೆಯಲು ಬಿಟ್ಟರು. ಮಸಿ ಎಳೆದೇ ಬರುತ್ತಿತ್ತು, ಆದರೆ ಬರುತ್ತಿತ್ತು. ಹಾಲೆಂಡಿನ ಕಾಗದಗಳಿಂದ ಆಯಿತೋ, ಅಧಿಕಾರಿ ಒಳ್ಳೆಯವನಾಗಿದ್ದನೋ, ಯಾವುದೋ ಫೈಲು ತಾನಾಗಿ ಒಂದು ಮೇಜಿನಿಂದ ಇನ್ನೊಂದಕ್ಕೆ ಜರುಗಿತೋ, ನನಗೆ ಗೊತ್ತಿಲ್ಲ. ಹೀಗೆ ಅಂದರೆ ಅಣ್ಣ ರೇಗುತ್ತಾನೆ. "ಕನ್ನಡಕ ಬೇಕು ಅಂತ ಬರೆದ್ರು, ಕನ್ನಡಕ ಬಂತು. ಇನ್ನೇನ್ ಬೇಕೋ ನಿಂಗೆ, ರಸೀದಿನಾ?"

ಅವನ ನೆನಪುಗಳನ್ನೂ ನಾನು ಸುಮ್ಮನೆ ಬಿಟ್ಟವನಲ್ಲ. ಉತ್ತರದ ಜೈಲಿಗೆ ಸಾಗಿಸಿದಾಗ ರೈಲು ನಮ್ಮೂರಿನ ಮೇಲೇ ಹೋಯಿತಂತೆ. ನಮ್ಮ ಸ್ಟೇಷನ್ನಿನಲ್ಲಿ ಎರಡು ನಿಮಿಷ ನಿಂತಿತಂತೆ, ಕಿಟಕಿಯ ಹತ್ತಿರ ಕೂರಲು ಪೇದೆ ಬಿಟ್ಟನಂತೆ, ಆಗ ಮಗ್ಗಗಳ ಸದ್ದು ಕೇಳಿಸಿತಂತೆ. ಸ್ಟೇಷನ್ನಿಗೂ ನಮ್ಮ ಬೀದಿಗೂ ಇರುವ ದೂರದಲ್ಲಿ ಅದು ಸಾಧ್ಯವಿಲ್ಲ. ನಾನು ಹಾಗೆಂದಾಗ ಅವನು, "ಮುಂದೆ ಮಾಕಳಿದುರ್ಗದ ಬೆಟ್ಟಾನೂ ನೋಡಿದೆ. ಅದೂ ಇರ್ಲಿಲ್ವಾ?" ಎಂದ.

ಎಪ್ಪತ್ತೇಳರ ಆರಂಭದಲ್ಲಿ ಅವನನ್ನು ಬಿಟ್ಟರು. ತೆಳ್ಳಗಾಗಿ, ಸರ್ಕಾರದ ದಪ್ಪ ಕನ್ನಡಕ ಹಾಕಿಕೊಂಡು ಮನೆಗೆ ಬಂದ. ಬಂದವನು ಅಮ್ಮ ಬಡಿಸಿದ್ದನ್ನೆಲ್ಲ ತಿಂದು, ಅಪ್ಪನ ಪಕ್ಕದಲ್ಲಿ ನಿಂತು ಮಗ್ಗವನ್ನು ಬಹಳ ಹೊತ್ತು ನೋಡಿದ. ಅತ್ತಿಗೆ ಹಾಲೆಂಡಿಗೆ ಕಾಗದ ಬರೆಸಿದರು, ಅದಕ್ಕೂ ಅರಿಶಿನ. ಆ ಹೊತ್ತಿಗೆ ಆ ಏಳು ಜನಕ್ಕೆ ಅರಿಶಿನ ಎಂದರೇನೆಂದು ಚೆನ್ನಾಗಿ ಗೊತ್ತಾಗಿತ್ತು.

ಆ ಬೇಸಿಗೆಯಲ್ಲಿ ಊರಿನಲ್ಲೊಂದು ಸಭೆ ನಡೆಯಿತು. ಅಣ್ಣನಿಗೆ ಹಾರ ಹಾಕಿದರು. ಅವನಿಗೆ ವೇದಿಕೆಯ ಮೇಲೆ ಮಾತು ಬರುವುದಿಲ್ಲ, ನನ್ನನ್ನು ನಿಲ್ಲಿಸಿದರು. ನಾನು ಕಾರ್ಡಿನ ಕಥೆ ಹೇಳಿದೆ. ಸೆನ್ಸಾರಿನವರ ಕತ್ತರಿ ಒಂದು ಕ್ಷೇಮ ಸಮಾಚಾರದ ಕಾರ್ಡಿನ ಮೂಲೆ ಕತ್ತರಿಸಿ ಅದನ್ನು ಸಾವಿನ ಕಾರ್ಡು ಮಾಡಿತು, ಒಬ್ಬ ತಾಯಿಯ ತಲೆಯ ಮೇಲೆ ನೀರು ಹುಯ್ಯಿಸಿತು ಎಂದೆ. ಜನ ತುಂಬಾ ಹೊತ್ತು ಚಪ್ಪಾಳೆ ತಟ್ಟಿದರು. ಆಮೇಲೆ ತರಗತಿಯಲ್ಲಿ ಹೇಳಿದೆ, ಮದುವೆ ಮನೆಗಳಲ್ಲಿ ಹೇಳಿದೆ, ಬರೆದೂ ಬಿಟ್ಟೆ. ಹಾಲೆಂಡಿನವರ ಹಳದಿ ರಾಸಾಯನಿಕವನ್ನೂ ಜೊತೆಗೆ ಹೇಳಿ ನಗಿಸುತ್ತಿದ್ದೆ. ಇಲ್ಲದ ಕೈವಾಡವನ್ನು ಕಂಡರು ಪಾಪ ಎಂದು.

ಆದರೆ ಆ ಸಾರು. ವಯಸ್ಸಾದಂತೆ ಅದು ಕಾಡಿಸತೊಡಗಿತು. ಕಳೆದ ಅವರೆಕಾಯಿ ಕಾಲದಲ್ಲಿ ಊರಿಗೆ ಹೋದಾಗ ಕೇಳಿಯೇಬಿಟ್ಟೆ. ಅಪ್ಪ ಅಮ್ಮ ಹೋಗಿ ಬಹಳ ವರ್ಷಗಳಾಗಿವೆ. ಅತ್ತಿಗೆ ಪಡಸಾಲೆಯಲ್ಲಿ ಕೂತು ಕಾಯಿ ಸುಲಿಯುತ್ತಿದ್ದರು, ಅಣ್ಣ ಕುರ್ಚಿಯಲ್ಲಿ ಪತ್ರಿಕೆ ಹಿಡಿದಿದ್ದ.

"ಅತ್ತಿಗೆ, ಕಾರ್ಡು ಬಂದ ದಿನ ಮನೇಲಿ ಒಲೆ ಹಚ್ಚಿದ್ರಾ?"

"ಹಚ್ಚದೆ? ಊಟ ಏನ್ ಆಕಾಶದಿಂದ ಬೀಳ್ತಿತ್ತಾ?"

"ಸಾವಿನ ಸುದ್ದಿ ಅಂತ ಎಲ್ಲಾ ಕೂತಿದ್ರಲ್ಲ."

"ಅವರು ಕೂತಿದ್ರು. ನಾನು ಓದಿದ್ನಲ್ಲಪ್ಪ."

"ಏನ್ ಓದಿದ್ರಿ?"

"ಕಾರ್ಡು. ಎಸ್ಸೆಸ್ಸೆಲ್ಸಿ ಮಾಡಿದೋಳು ಕಣಪ್ಪ ನಾನು. ಕಲ್ಲು ಪಕ್ಕಕ್ಕಿಟ್ಟು ಓದಿದೆ. ಗಂಡ ಆರೋಗ್ಯವಾಗಿದಾನೆ ಅಂತ ಬರೆದಿತ್ತು. ಅತ್ತೆಗೆ ಹೇಳಿದೆ. 'ನಿಂಗೇನ್ ಗೊತ್ತು ಸುಮ್ನಿರು, ಎಂ.ಎ. ಓದಿರೋನು ಬರ್ಲಿ' ಅಂದ್ರು. ಸರಿ, ಬರೋನಿಗೆ ಹಸಿವಾಗಿರುತ್ತೆ ಅಂತ ಸಾರಿಗಿಟ್ಟೆ. ಬೀದಿ ಹೆಂಗಸ್ರೆಲ್ಲ ಬಾಯಿ ಮೇಲೆ ಕೈ ಇಟ್ಕೊಂಡ್ರು. ಗಂಡನ ಕಾಗದ ಹೊರಗೆ, ಇವಳು ಒಳಗೆ ಒಗ್ಗರಣೆ ಹಾಕ್ತಾಳೆ ಅಂತ."

ಇಷ್ಟು ವರ್ಷ ನಾನು ಓದಿ ತಿಳಿಸಿದ ಸುದ್ದಿ, ನಾನು ಬಸ್ಸಿನಲ್ಲಿ ಬರುತ್ತಿರುವಾಗಲೇ ಒಲೆಯ ಮೇಲೆ ಕುದಿಯುತ್ತಿತ್ತು. ಏನಾದರೂ ಹೇಳಬೇಕಲ್ಲ ಎಂದು, "ಆ ಸೆನ್ಸಾರಿನವರು ಮೂಲೆ ಕತ್ತರಿಸದೇ ಇದ್ದಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ" ಎಂದೆ.

ಕಾಯಿ ಸುಲಿಯುತ್ತಿದ್ದ ಕೈ ನಿಂತಿತು. "ಸೆನ್ಸಾರಿನವರಾ?"

ಅಣ್ಣ ಪತ್ರಿಕೆಯ ಹಿಂದೆ ನಗಲು ಶುರುಮಾಡಿದ.

"ಪೋಸ್ಟ್‌ಮ್ಯಾನು ಕತ್ತರಿಸಿದ್ದು ಕಣಪ್ಪ," ಎಂದರು ಅತ್ತಿಗೆ. "ನಿನಗೋಸ್ಕರ. ಸ್ಟಾಂಪಿಗೆ. ಸೋಮವಾರ ಬೆಂಕಿಪೊಟ್ಟಣದಲ್ಲಿ ಇಟ್ಕೊಂಡು ಬಂದ್ರು, ಪಾಪ, ಅಳೋ ಹಾಗಾಗಿದ್ರು. 'ತಾಯೀ, ಚಿಕ್ಕೋರಿಗೆ ಅಂತ ಕತ್ತರಿಸಿಟ್ಟೆ, ಬೀದಿ ಮಗ್ಗ ಎಲ್ಲಾ ನಿಂತೋಯ್ತಂತೆ' ಅಂತ. ಮುಂದಿನ ಶನಿವಾರ ನಾನೇ ನಿನ್ನ ಕೈಗೆ ಕೊಟ್ನಲ್ಲ. ಒಂದು ಮಾತಾಡ್ಲಿಲ್ಲ ನೀನು. ಜೇಬಿಗಿಟ್ಕೊಂಡು ಕಾಫಿ ಕೇಳಿದೆ."

"ಮತ್ತೆ ನಾನು ಸಭೇಲಿ ಹೇಳಿದಾಗ ಯಾಕೆ ಸುಮ್ನಿದ್ರಿ?"

"ಅಷ್ಟು ಜನ ಚಪ್ಪಾಳೆ ತಟ್ತಿದ್ರಲ್ಲ. ನೀನೂ ಖುಷಿಯಾಗಿದ್ದೆ."

ಬೆಂಗಳೂರಿಗೆ ಹಿಂದಿರುಗಿ ಅಟ್ಟದಿಂದ ಹಳೆಯ ಆಲ್ಬಂ ಇಳಿಸಿದೆ. ಹಾಲೆಂಡಿನ ಪುಟದಲ್ಲಿ ಅರವತ್ತರ ದಶಕದ ಎರಡು ಸ್ಟಾಂಪು, ನೀರಿನಲ್ಲಿ ನೆನೆಸಿ ಕಾಗದ ಬಿಡಿಸಿದ್ದವು. ಮೂರನೆಯದನ್ನು ಬಿಡಿಸಿರಲಿಲ್ಲ. ದಪ್ಪ ಕಾರ್ಡಿನ ತ್ರಿಕೋನದ ತುಂಡಿನ ಸಮೇತ ಅಂಟಿಸಿತ್ತು, ಕೆಳಗೆ ನನ್ನದೇ ಅಕ್ಷರದಲ್ಲಿ ಇಸವಿ. ತುಂಡಿನ ಹಿಂದೆ ಒಂದಿಷ್ಟು ನೀಲಿ ಆಕಾಶ. ಸೇತುವೆಯೋ ಗಾಳಿಗಿರಣಿಯೋ ಎಂಬ ಜಗಳಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಅದನ್ನು ಅಂಟಿಸಿದ ನೆನಪು ನನಗೆ ಇಂದಿಗೂ ಇಲ್ಲ.

ಅಣ್ಣನ ಕಾಗದಗಳ ಮೇಲಿನ ಮಸಿ ನಿಜ. ಅಪ್ಪನ ಅರ್ಜಿಗಳಿಗೆ ಉತ್ತರ ಬಾರದ್ದು ನಿಜ. ಒಂದು ಹಾಳೆಗಾಗಿ ಒಬ್ಬ ಮೇಷ್ಟ್ರನ್ನು ಒಂದು ವರ್ಷಕ್ಕೂ ಮೇಲೆ ಒಳಗಿಟ್ಟದ್ದು ನಿಜ. ಆ ನಿಜಗಳ ಪಕ್ಕದಲ್ಲಿ ನನ್ನ ಮೂಲೆಯನ್ನೂ ಸೇರಿಸಿಬಿಟ್ಟಿದ್ದೆ. ಮಾಡಿದ್ದು ಯಾರೆಂಬುದರ ಸಾಕ್ಷಿಯನ್ನು ಕೈಯಲ್ಲೇ ಹಿಡಿದಿದ್ದರೂ. ಹಾಲೆಂಡಿನ ಹೆಂಗಸಿಗಾದರೂ ಅರಿಶಿನ ಗೊತ್ತಿರಲಿಲ್ಲ. ಮುಂದಿನ ಸಲ ಆಲ್ಬಂ ತೆಗೆದುಕೊಂಡು ಹೋಗಿ ಅಣ್ಣನಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ, ತುಂಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಅವರು ಮಾಡಿದ್ದೇ ಬೇಕಾದಷ್ಟಿದೆ ಕಣೋ," ಎಂದ. "ನೀನ್ಯಾಕೆ ಒಂದು ಸೇರಿಸ್ತೀಯ?"

ಅತ್ತಿಗೆ ಟ್ರಂಕಿನಿಂದ ಕಾರ್ಡು ತಂದರು. ಚಿತ್ರದಲ್ಲಿ ಸೇತುವೆಯೂ ಇತ್ತು, ಅದರ ಹಿಂದೆ ದೂರದಲ್ಲಿ ಗಾಳಿಗಿರಣಿಯೂ ಇತ್ತು. ಇಬ್ಬರೂ ಗೆದ್ದೆವೆಂದು ಸ್ವಲ್ಪ ಹೊತ್ತು ಗಲಾಟೆ ಮಾಡಿದೆವು.

ಎಲೆ ಹಾಕುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಕೇಳಿದೆ. ಅಮ್ಮ ನಂಬಲಿಲ್ಲ, ಬೀದಿ ನಂಬಲಿಲ್ಲ. ನಿಮ್ಮ ಇಂಗ್ಲಿಷಿನ ಮೇಲೆ ನಿಮಗೆ ಅಷ್ಟು ಭರವಸೆ ಇತ್ತಾ ಅತ್ತಿಗೆ?

ಅವರು ಎಲೆ ಒರೆಸಿ ನನ್ನ ಮುಂದೆ ಹಾಕಿದರು.

"ಎಲ್ಲಿತ್ತಪ್ಪ. ಎರಡು ಪದ ಗೊತ್ತಾಗಿರ್ಲಿಲ್ಲ. ಆ ಎರಡರಲ್ಲೇ ಏನಾದ್ರೂ ಇದ್ರೆ ಅಂತ ಅದೇ ಯೋಚನೆ. ಸಾರಿಗೆ ಎರಡು ಸಲ ಉಪ್ಪು ಹಾಕ್ಬಿಟ್ಟಿದ್ದೆ. ನೀನು ಓದಿ ಮುಗಿಸೋವರೆಗೂ ನಾನು ಬಾಗಿಲ ಹಿಂದೆ ಕಂಬ ಹಿಡ್ಕೊಂಡು ನಿಂತಿದ್ದೆ."

ಅದು ನನಗೆ ಗೊತ್ತಿರಲಿಲ್ಲ. ಬಾಗಿಲ ಹಿಂದೆ ನಾನು ಯಾವತ್ತೂ ನೋಡಿರಲಿಲ್ಲ.

"ನನಗೆ ಉಪ್ಪು ಜಾಸ್ತಿ ಅನ್ನಿಸಿದ ನೆನಪೇ ಇಲ್ಲವಲ್ಲ," ಎಂದೆ.

"ಎಲ್ಲಿಂದ ಅನ್ನಿಸುತ್ತೆ? ನಾಕು ಸಲ ಬಡಿಸ್ಕೊಂಡೆ ನೀನು," ಎಂದು ಅತ್ತಿಗೆ ಅನ್ನದ ಪಾತ್ರೆ ನನ್ನ ಕಡೆ ಜರುಗಿಸಿದರು.